ತೂಬಿನ ಹಲಗೆ ಯಾವ ಕಾಲಮ್ಮಿನಲ್ಲಿ?

(ಕುಮಟಾದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ. ಇವತ್ತು ಮೇ 21. ವಿಶ್ವಸಂಸ್ಥೆಯ ಪಂಚಾಂಗದಲ್ಲಿ ಇದು ಸಾಂಸ್ಕೃತಿಕ ವೈವಿಧ್ಯದ ದಿನ. ನಮ್ಮ ಕುಮಟೆಯ ಪಂಚಾಂಗದಲ್ಲಿ ಇದು ಗಜನಿಯ, ಅಂದರೆ ಅಳಿವೆಯ ಅಂಚಿನ ಉಪ್ಪುನೆಲದ ಗದ್ದೆಯ, ಒಡ್ಡಿನ ಕೆಲಸ ಮುಗಿಸಬೇಕಾದ ವಾರ, ಮಳೆಗೆ ಉಳಿದಿರುವುದು ಹೆಚ್ಚೆಂದರೆ ಎರಡು ವಾರ. ಈ ಎರಡು ಪಂಚಾಂಗಗಳು ಒಂದೇ ಗೋಡೆಯ ಮೇಲೆ ತೂಗಬೇಕು ಅನ್ನುವುದಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಕಗ್ಗ ಅಂದರೆ ಏನು ಎಂದು ಈ ಸಭೆಗೆ ಹೇಳಬೇಕಾಗಿಲ್ಲ. ಮಾಣಿಕಟ್ಟೆಯ ಕಡೆಯವರೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಆದರೆ ನ್ಯೂಯಾರ್ಕಿನಲ್ಲಿ, ಪ್ಯಾರಿಸ್ಸಿನಲ್ಲಿ, ರೋಮಿನಲ್ಲಿ ಕೂತು ಅಭಿವೃದ್ಧಿಯ ಗುರಿ ಬರೆಯುವವರಿಗೆ ಅದನ್ನು ಹೇಳಬೇಕಾಗುತ್ತದೆ, ಅದೂ ಅವರ ಫಾರಮ್ಮಿನ ಭಾಷೆಯಲ್ಲಿ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ, ತಪ್ಪಿದರೆ ತಿದ್ದಿ. ಕಗ್ಗ ಅಂದರೆ ಗಜನಿಯಲ್ಲಿ ಬೆಳೆಯುವ, ಉಪ್ಪು ತಡೆಯುವ ಭತ್ತ.

ಅಘನಾಶಿನಿಯ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬೇಸಿಗೆಯಲ್ಲಿ ಗಜನಿಯ ಮಣ್ಣು ಉಪ್ಪು ಕುಡಿದು ಬಿರಿದಿರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಆ ಉಪ್ಪನ್ನು ತೊಳೆಯಬೇಕು. ತೊಳೆಯುವುದು ಮಳೆ, ಹೊರಗೆ ಕಳಿಸುವುದು ತೂಬು. ತೂಬಿನ ಎರಡು ಬದಿಯ ಕಚ್ಚಿನಲ್ಲಿ ಒಂದರ ಮೇಲೊಂದು ಕೂರುವ ಮರದ ಹಲಗೆಗಳಿವೆ. ಹೊಳೆ ಇಳಿದಾಗ ಹಲಗೆ ಎತ್ತಬೇಕು, ಗದ್ದೆಯ ನೀರು ಉಪ್ಪನ್ನು ಹೊತ್ತು ಹೊರಗೆ ಹೋಗುತ್ತದೆ. ಹೊಳೆ ಏರುವ ಮೊದಲು ಹಲಗೆ ಇಳಿಸಬೇಕು, ಇಲ್ಲದಿದ್ದರೆ ತೊಳೆದ ಉಪ್ಪು ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಸಂಜೆ ಹಲಗೆ ಇಳಿಸಿದವನು ವಾರ ಕಳೆದ ಮೇಲೆ ನಡುರಾತ್ರಿ ಎದ್ದು ಇಳಿಸಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಒತ್ತಡ ಹೆಚ್ಚು. ಆಗ ಹಲಗೆಯ ಸಂದಿಗೆ ಜೇಡಿಮಣ್ಣು ಮೆತ್ತಬೇಕು, ಒಡ್ಡಿನಲ್ಲಿ ಏಡಿ ತೋಡಿದ ಬಿಲಗಳನ್ನು ಹುಡುಕಿ ಮುಚ್ಚಬೇಕು. ಬೆರಳು ಹೋಗುವಷ್ಟು ಬಿಲ ಒಂದು ಭಾರೀ ಉಬ್ಬರಕ್ಕೆ ಕೈ ಹೋಗುವಷ್ಟಾಗುತ್ತದೆ, ಎರಡನೆಯದಕ್ಕೆ ಒಡ್ಡೇ ಕುಸಿಯುತ್ತದೆ.

ಕಗ್ಗ ಉಪ್ಪು ತಡೆಯುತ್ತದೆ ಅನ್ನುತ್ತೇವೆ. ಹೌದು, ಆದರೆ ಬದುಕಿನುದ್ದಕ್ಕೂ ಒಂದೇ ಸಮನೆ ಅಲ್ಲ. ಯಾವ ಭತ್ತಕ್ಕಾದರೂ ಎಳೆ ಸಸಿಯ ಹೊತ್ತು ಮತ್ತು ಹೂ ಬಿಡುವ ಹೊತ್ತು ನಾಜೂಕು. ಮೊಳಕೆ ಬರಿಸಿದ ಬೀಜವನ್ನು ಎರಚಿದ ಮೊದಲ ವಾರಗಳಲ್ಲಿ ಒಂದು ಸಲ ಹಲಗೆ ತಪ್ಪಿದರೆ ಮತ್ತೆ ಬಿತ್ತಬೇಕು. ಹೂವಿನ ಹೊತ್ತಿಗೆ ತಪ್ಪಿದರೆ ಜೊಳ್ಳು. ನಡುವೆ ಮಳೆ ವಾರಗಟ್ಟಲೆ ಕೈಕೊಟ್ಟರೆ ಅಡಿಯ ಉಪ್ಪು ಮೇಲೇಳುತ್ತದೆ. ಇದನ್ನೆಲ್ಲ ದಾಟಿದ ಪೈರು ಗೊಬ್ಬರ, ಔಷಧ ಕೇಳುವುದಿಲ್ಲ. ಕೊಯ್ಲಿನಲ್ಲಿ ನೀರಿನಲ್ಲಿ ನಿಂತು ತೆನೆಯನ್ನು ಮಾತ್ರ ಕೊಯ್ಯುತ್ತಾರೆ. ಹುಲ್ಲು ಅಲ್ಲೇ ಕೊಳೆತು ಸಿಗಡಿಗೆ, ಮೀನಿಗೆ ಮೇವು. ಆಮೇಲೆ ಹಲಗೆ ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆ ಮೀನಿನ ಹೊಲ.

ಈಗ ನನ್ನ ಪ್ರಶ್ನೆ. ಆ ತೂಬಿನ ಹಲಗೆ ಸುಸ್ಥಿರ ಅಭಿವೃದ್ಧಿಯ ಯಾವ ಕಾಲಮ್ಮಿನಲ್ಲಿದೆ?

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ ಕಾರ್ಯಸೂಚಿಯಲ್ಲಿ 17 ಗುರಿಗಳು, 169 ಉಪಗುರಿಗಳು ಇವೆ. ಹಸಿವಿಗೊಂದು ಗುರಿ, ನೀರಿಗೊಂದು, ಕಡಲಿಗೊಂದು. ಸಂಸ್ಕೃತಿಗೆ ಪ್ರತ್ಯೇಕ ಗುರಿ ಇಲ್ಲ. ಶಿಕ್ಷಣದ 4.7ರಲ್ಲಿ, ಪ್ರವಾಸೋದ್ಯಮದ 8.9ರಲ್ಲಿ, ನಗರಗಳ 11.4ರಲ್ಲಿ ಅದು ಬಂದು ಹೋಗುತ್ತದೆ, ಮದುವೆ ಮನೆಯಲ್ಲಿ ಪಕ್ಕದ ಮನೆಯವರು ಬಂದು ಹೋದ ಹಾಗೆ. ಇರಲಿ, ಹೆಸರಾದರೂ ಬಂತು. ಆದರೆ ಅಳೆಯುವುದು ಹೇಗೆ ನೋಡಿ. 11.4 ಪರಂಪರೆಯನ್ನು ಉಳಿಸಿ ಅನ್ನುತ್ತದೆ. ಅದರ ಸೂಚ್ಯಂಕ 11.4.1 ಅಳೆಯುವುದು ಪರಂಪರೆಯ ರಕ್ಷಣೆಗೆ ತಲಾ ಎಷ್ಟು ಹಣ ಖರ್ಚಾಯಿತು ಎಂಬುದನ್ನು. ಗಜನಿಯ ಊರಿನವರು ಮನೆಗೊಬ್ಬರಂತೆ ಬಂದು ಒಡ್ಡು ಕಟ್ಟಿದರೆ ಸರಕಾರದ ಖರ್ಚು ಸೊನ್ನೆ, ಅಂಕವೂ ಸೊನ್ನೆ. ಒಡ್ಡು ಒಡೆದು, ಆಮೇಲೆ ಅದರ ನೆನಪಿಗೆ ಒಂದು ಸಂಗ್ರಹಾಲಯ ಕಟ್ಟಿದರೆ ಅಂಕ ಬರುತ್ತದೆ.

2.5 ಇನ್ನೂ ಹತ್ತಿರದ್ದು. ಬೀಜಗಳ ವೈವಿಧ್ಯ ಉಳಿಸಿ, ಸಾಂಪ್ರದಾಯಿಕ ಜ್ಞಾನದ ಲಾಭ ಹಂಚಿಕೊಳ್ಳಿ ಎನ್ನುವ ಉಪಗುರಿ ಅದು. ಸೂಚ್ಯಂಕ 2.5.1 ಎಣಿಸುವುದು ಮಧ್ಯಮ ಅಥವಾ ದೀರ್ಘಾವಧಿಯ ಸಂರಕ್ಷಣಾ ಕೇಂದ್ರಗಳಲ್ಲಿ ಎಷ್ಟು ತಳಿಗಳು ಭದ್ರವಾಗಿವೆ ಎಂದು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜ ಇಡುವುದು ಮೈನಸ್ 18 ಡಿಗ್ರಿಯಲ್ಲಿ. ಅದು ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಗ್ಗದ ಒಂದು ಪೊಟ್ಟಣ ಅಲ್ಲಿದ್ದರೆ ಲೆಕ್ಕಕ್ಕೆ ಸಿಗುತ್ತದೆ, ಎಕರೆಗಟ್ಟಲೆ ಕಗ್ಗ ಗಜನಿಯಲ್ಲಿ ತಲೆದೂಗಿದರೆ ಈ ಕಾಲಮ್ಮಿಗೆ ಬರುವುದಿಲ್ಲ. ನಾಳೆ ಪೊಟ್ಟಣ ಬಿಚ್ಚಿ ಬೀಜ ಕೊಟ್ಟರೂ ಹಲಗೆ ಯಾವಾಗ ಎತ್ತಬೇಕು ಎಂಬುದು ಪೊಟ್ಟಣದಲ್ಲಿ ಇರುವುದಿಲ್ಲವಲ್ಲ! ಲೆಕ್ಕಕ್ಕೆ ಬಂದದ್ದಕ್ಕೇ ದುಡ್ಡು, ದುಡ್ಡು ಬಂದದ್ದಕ್ಕೇ ಅಧಿಕಾರಿ. ಹೀಗೆ ಹಲಗೆ ಎತ್ತುವವನು ಕಡತದಿಂದ ಹೊರಗುಳಿಯುತ್ತಾನೆ.

ಇದಕ್ಕೆ ಬಾಲಿ ದ್ವೀಪದ ಕತೆ ಹೇಳದೆ ಇರಲಾರೆ. ಸ್ವಲ್ಪ ಉದ್ದ, ಕೇಳಿ.

ಬಾಲಿಯಲ್ಲಿ ಜ್ವಾಲಾಮುಖಿಯ ಇಳಿಜಾರಿನಲ್ಲಿ ಮೆಟ್ಟಿಲು ಗದ್ದೆಗಳು. ನಮ್ಮ ಘಟ್ಟದ ಗದ್ದೆಗಳ ಹಾಗೇ, ಇನ್ನೂ ಕಡಿದು. ಒಂದು ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಾಕ್ ಎಂದು ಹೆಸರು. ಕಾಲುವೆ ಕವಲೊಡೆಯುವ ಕಡೆಗಳಲ್ಲಿ ನೀರಿನ ದೇವಸ್ಥಾನಗಳಿವೆ. ಯಾವ ಸುಬಾಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬೀಳು ಬಿಡಬೇಕು ಎಂಬುದು ಆ ದೇವಸ್ಥಾನಗಳ ಸಭೆಯಲ್ಲಿ ತೀರ್ಮಾನವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರದ ಚೀಲ, ಸಾಲ. ಜೊತೆಗೆ ಸಲಹೆ: ದೇವಸ್ಥಾನದ ಸರದಿ ಕಾಯಬೇಡಿ, ಸಾಧ್ಯವಾದಷ್ಟು ಸಲ ನಾಟಿ ಮಾಡಿ. ಮೊದಲು ಇಳುವರಿ ಏರಿತು. ಆಮೇಲೆ ಜಿಗಿಹುಳು, ಇಲಿ, ರೋಗ. ಕೆಳಗಿನ ಗದ್ದೆಗೆ ನೀರೇ ಇಲ್ಲ.

ಯಾಕೆ ಹೀಗಾಯಿತು? ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಒಟ್ಟಿಗೆ ಬೀಳು ಬೀಳುತ್ತದೆ, ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ, ಸಾಯುತ್ತದೆ. ಆದರೆ ಎಲ್ಲರಿಗೂ ಒಂದೇ ದಿನ ನೀರು ಬೇಕಾಗುತ್ತದೆ, ಅಷ್ಟು ನೀರಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ದಿನ ನಾಟಿ ಮಾಡಿದರೆ ನೀರು ಸಾಕಾಗುತ್ತದೆ, ಆದರೆ ಹುಳ ಒಂದು ಗದ್ದೆಯಿಂದ ಇನ್ನೊಂದಕ್ಕೆ ವರ್ಷವಿಡೀ ಊಟಕ್ಕೆ ಹೋಗುತ್ತದೆ. ಇವೆರಡರ ನಡುವಿನ ಹದ ಎಲ್ಲಿದೆ? ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞ ಮತ್ತು ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿ ನದಿ, ಮಳೆ, ಹುಳ, ಭತ್ತ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಒಳ್ಳೆಯ ಇಳುವರಿ ಬಂದದ್ದು ದೇವಸ್ಥಾನಗಳ ಗುಂಪು ಎಷ್ಟು ದೊಡ್ಡದೋ ಸುಮಾರು ಅಷ್ಟೇ ಗದ್ದೆಗಳು ಒಟ್ಟಿಗೆ ನಾಟಿ ಮಾಡಿದಾಗ. ಯೋಜನೆ ಬರೆದವರು ದೇವಸ್ಥಾನವನ್ನು ಧರ್ಮದ ಕಡತಕ್ಕೆ ಹಾಕಿದ್ದರು, ನೀರಿನ ಕಡತದಲ್ಲಿ ಅದಕ್ಕೆ ಜಾಗ ಇರಲಿಲ್ಲ. 2012ರಲ್ಲಿ ಯುನೆಸ್ಕೋ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅದೇ ಗದ್ದೆಗಳನ್ನು ನೋಡಲು ಬರುವ ಪ್ರವಾಸಿಗರ ವಿಲ್ಲಾಗಳಿಗಾಗಿ ಬಾಲಿಯ ಗದ್ದೆಗಳು ಹೋಗುತ್ತಿವೆ. ಗೋಕರ್ಣದ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಮ್ಮಲ್ಲಿಯೂ ಅದೇ 1970ರ ದಶಕ. ಗಜನಿಗಳಿಗೆ ಸರಕಾರದ ಖಾರಲ್ಯಾಂಡ್ (ಉಪ್ಪುನೆಲ) ಯೋಜನೆಯ ಕಲ್ಲಿನ ಕಾಯಂ ಒಡ್ಡು ಬಂತು. ಒಳ್ಳೆಯ ಉದ್ದೇಶವೇ. ಆದರೆ ಒಡ್ಡು ಸರಕಾರದ್ದಾದ ಕೂಡಲೇ ಏಡಿಯ ಬಿಲವೂ ಸರಕಾರದ್ದಾಯಿತು. ಊರ ಕೂಟ ಸಡಿಲವಾಯಿತು. ಆಮೇಲೆ ಸಿಗಡಿ ಕೃಷಿಯ ಗುತ್ತಿಗೆ. ಸಿಗಡಿಗೆ ವರ್ಷವಿಡೀ ಉಪ್ಪುನೀರು ಬೇಕು, ಭತ್ತಕ್ಕೆ ಮಳೆಗಾಲದಲ್ಲಿ ಬೇಡ. ಒಂದು ತೂಬಿಗೆ ಇಬ್ಬರು ಯಜಮಾನರಾದರೆ ದುಡ್ಡಿದ್ದವನ ಹಲಗೆ ಮೇಲೇಳುತ್ತದೆ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯುದ್ದಕ್ಕೂ ಸಿಗಡಿಯೂ ಸತ್ತಿತು. ಕೇರಳದಲ್ಲಿ ಪೊಕ್ಕಾಳಿ ಎಂಬ ಉಪ್ಪು ತಡೆಯುವ ಭತ್ತ ಬೆಳೆಯುವವರು ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನ ತನಕ ಸಿಗಡಿ, ಉಳಿದ ಕಾಲ ಭತ್ತ ಎಂಬ ಕ್ಯಾಲೆಂಡರನ್ನು ಹಿಡಿದುಕೊಂಡರು. ಅಲ್ಲಿಯೂ ಜಗಳ ತಪ್ಪಿಲ್ಲ, ಆದರೆ ಜಗಳ ಆಡಲಿಕ್ಕಾದರೂ ಕಾಗದದಲ್ಲಿ ದಿನಾಂಕ ಇದೆ. ಸಮುದ್ರ ಮಟ್ಟಕ್ಕಿಂತ ಕೆಳಗಿನ ಕುಟ್ಟನಾಡಿನ ಬೇಸಾಯವನ್ನು 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ನಮ್ಮ ಗಜನಿಗೆ ಆ ಯೋಗ್ಯತೆ ಇದೆ ಎಂದು ನಾನು ನಂಬುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: “ಸಂಸ್ಕೃತಿ ಅಂದರೆ ಜಾತಿಯೂ ಬಂತಲ್ಲ?” ಸರಿಯಾದ ಪ್ರಶ್ನೆ. ಯುನೆಸ್ಕೋದ 2001ರ ಘೋಷಣೆ ನಿಸರ್ಗಕ್ಕೆ ಜೀವವೈವಿಧ್ಯ ಹೇಗೋ ಮನುಕುಲಕ್ಕೆ ಸಾಂಸ್ಕೃತಿಕ ವೈವಿಧ್ಯ ಹಾಗೆ ಎಂದಿತು. ಅದೇ ಘೋಷಣೆಯ 4ನೇ ವಿಧಿ ಮಾನವ ಹಕ್ಕುಗಳನ್ನು ಮುರಿಯಲು ಯಾರೂ ಸಂಸ್ಕೃತಿಯನ್ನು ಮುಂದಿಡುವಂತಿಲ್ಲ ಎಂದೂ ಹೇಳಿದೆ. ಗಜನಿಯಲ್ಲಿ ಸೊಂಟದ ನೀರಿಗಿಳಿದು ದುಡಿಯುವ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದು ಅಪರೂಪ. ಪರಂಪರೆಯ ಹೆಸರಿನಲ್ಲಿ ಅವಳ ಕೂಲಿಯನ್ನು ಕಡಿಮೆ ಇಡುವುದಾದರೆ ಆ ಪರಂಪರೆಯ ಪರ ವಾದಿಸಲು ನನ್ನಿಂದಾಗದು. ಗಜನಿ ಕೂಟದ ಸಭೆಯಲ್ಲಿ ಅವಳಿಗೆ ಮತ ಇರಲಿ, ಆಮೇಲೆ ಪ್ರಶಸ್ತಿ, ಪಟ್ಟಿ ಎಲ್ಲ.

ಹಾಗೆಯೇ ಗುಮಟೆ ವಾದ್ಯ. ಮಣ್ಣಿನ ಗಡಿಗೆ, ದೊಡ್ಡ ಬಾಯಿಗೆ ಉಡದ ಚರ್ಮ, ಸಣ್ಣ ಬಾಯಿ ತೆರೆದದ್ದು. ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ. ಅದನ್ನು ಕೊಲ್ಲಬಾರದು, ಸರಿ. ಆದರೆ ನಿಷೇಧ ಹೇಳಿ ಸುಮ್ಮನಾದರೆ ವಾದ್ಯ ಸಾಯುತ್ತದೆ. ಗೋವಾದಲ್ಲಿ ಮೇಕೆ ಚರ್ಮಕ್ಕೆ ತಿರುಗಿದರು, 2019ರಲ್ಲಿ ಘುಮಟ್ ಅಲ್ಲಿಯ ಪಾರಂಪರಿಕ ವಾದ್ಯವಾಯಿತು. ನಾದ ಬೇರೆ ಅನ್ನುವವರಿದ್ದಾರೆ. ಹದ ಮಾಡುವುದನ್ನು, ಬಿಗಿಯುವುದನ್ನು ಬಾರಿಸುವವರನ್ನೇ ಕೂರಿಸಿಕೊಂಡು ಸರಿಪಡಿಸಬೇಕು.

ಅಧ್ಯಕ್ಷರು ಗಡಿಯಾರ ತೋರಿಸಿದರು. ತೋಟಕ್ಕೆ ಸೊಪ್ಪು ಕೊಡುವ ಕಾಡು, ಸೊಪ್ಪಿನ ಬೆಟ್ಟದ ಬಗ್ಗೆ ಹೇಳಲು ಬಹಳ ಇತ್ತು, ಶಿರಸಿಯವರು ಕ್ಷಮಿಸಬೇಕು. ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಸುಮಾರು ಎರಡು ತಿಂಗಳ ಅಂತರದಲ್ಲಿ ತೀರಿಹೋದರು. ಒಬ್ಬರಲ್ಲಿ ಹಾಡು, ಇನ್ನೊಬ್ಬರಲ್ಲಿ ಕಾಡಿನ ಬೀಜದ ಅರಿವು. ಪದ್ಮಶ್ರೀ ಕೊಟ್ಟೆವು, ಕಲಿಯಲು ಎಷ್ಟು ಮಕ್ಕಳನ್ನು ಕಳಿಸಿದೆವು?

ಮಾಡಬೇಕಾದ್ದು ಬೇಗ ಹೇಳಿಬಿಡುತ್ತೇನೆ. ಮೆಕ್ಸಿಕೋದಲ್ಲಿ 2022ರಲ್ಲಿ ಸೇರಿದ ಸಂಸ್ಕೃತಿ ಸಚಿವರ ಸಮ್ಮೇಳನ 2030ರ ನಂತರದ ಕಾರ್ಯಸೂಚಿಯಲ್ಲಿ ಸಂಸ್ಕೃತಿ ಪ್ರತ್ಯೇಕ ಗುರಿಯಾಗಬೇಕು ಎಂದಿತು. ಆಗಲಿ. ಆದರೆ ಸೂಚ್ಯಂಕ ಬದಲಾಗದೆ ಗುರಿ ಮಾತ್ರ ಬಂದರೆ ಮತ್ತೆ ಖರ್ಚಿನ ಲೆಕ್ಕವೇ. ಗದ್ದೆಯಲ್ಲಿ ಬೆಳೆಯುತ್ತಿರುವ ತಳಿಯ ವಿಸ್ತೀರ್ಣ, ನಡೆಯುತ್ತಿರುವ ಊರ ಕೂಟಗಳ ಸಂಖ್ಯೆ, ಅವುಗಳಲ್ಲಿ ಹೆಂಗಸರೆಷ್ಟು, ಇಷ್ಟನ್ನು ಎಣಿಸಿ ಎಂದು ಕೇಳೋಣ.

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ತಾಣವಾಯಿತು, ಅಂದರೆ ರಾಮ್ಸರ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಜೌಗು ಪ್ರದೇಶಗಳ ಸಾಂಸ್ಕೃತಿಕ ಮೌಲ್ಯವನ್ನು ನಿರ್ವಹಣೆಯಲ್ಲಿ ಪರಿಗಣಿಸಿ ಎಂದು ರಾಮ್ಸರ್ ದೇಶಗಳು 2002ರಲ್ಲೇ ನಿರ್ಣಯ ಮಾಡಿವೆ. ನಿರ್ವಹಣಾ ಯೋಜನೆಯಲ್ಲಿ ಹಕ್ಕಿಯ ಪಟ್ಟಿ, ಕಾಂಡ್ಲಾದ (ಮ್ಯಾಂಗ್ರೋವ್ ಗಿಡಗಳ) ಪಟ್ಟಿಯ ಜೊತೆ ತೂಬುಗಳ ಪಟ್ಟಿ ಇರಬೇಕು: ಎಲ್ಲಿದೆ, ಯಾರು ನೋಡಿಕೊಳ್ಳುತ್ತಾರೆ, ಬಳಚು (ಚಿಪ್ಪಿಮೀನು) ಹೆಕ್ಕುವವರ ದಾರಿ ಯಾವುದು.

ಕೊನೆಯದು ಪಂಚಾಯತಿ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಗೆ ಜಾಗತಿಕ ಗುರಿಗಳನ್ನು 9 ವಿಷಯಗಳಾಗಿ ಇಳಿಸಿದ್ದಾರೆ. ಅದರಲ್ಲೂ ಸಂಸ್ಕೃತಿ ಇಲ್ಲ. ಆದರೆ ನೀರು ಇದೆ, ಸ್ವಚ್ಛ ಮತ್ತು ಹಸಿರು ಗ್ರಾಮ ಇದೆ, ಅಲ್ಲಿ ತೂರಿಸಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ಸಮಿತಿ, ಊರಿನ ಜೀವಸಂಪತ್ತು ಮತ್ತು ಅದರ ಅರಿವನ್ನು ಬರೆದಿಡುವ ಜನತಾ ದಾಖಲಾತಿ ಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಾಗ ಅವಸರದಲ್ಲಿ ಬರೆದು ಮುಗಿಸಿದ ದಾಖಲಾತಿಗಳು ಬಹಳ. ನಿಮ್ಮ ಪಂಚಾಯತಿಯದನ್ನು ತೆರೆದು ಕಗ್ಗದ ಪುಟ ಹುಡುಕಿ. ‘ಭತ್ತ, ಸ್ಥಳೀಯ ತಳಿ’ ಎಂದಷ್ಟೇ ಇದ್ದರೆ ತಿದ್ದುಪಡಿ ಕೊಡಿ: ಕರಿಕಗ್ಗ, ಬಿಳಿಕಗ್ಗ ಬೇರೆ ಬೇರೆ ಸಾಲಿನಲ್ಲಿ; ಬಿತ್ತುವ ಹೊತ್ತು; ಹಲಗೆ ಎತ್ತಿ ಇಳಿಸುವ ಲೆಕ್ಕ ತಿಥಿಯ ಪ್ರಕಾರ; ಅದು ಗೊತ್ತಿರುವವರ ಹೆಸರು, ಅವರ ಒಪ್ಪಿಗೆಯಿದ್ದರೆ ಮಾತ್ರ. ಔಷಧಿ ಗಿಡದ ಗುಟ್ಟುಗಳನ್ನು ಅದೇ ಪುಟದಲ್ಲಿ ಬರೆಯಬೇಡಿ, ಅವುಗಳನ್ನು ಗೌಪ್ಯವಾಗಿಡಲು ಕೇಳಬಹುದು.

ತಿದ್ದುಪಡಿಯ ನಮೂನೆ ಬಾಗಿಲ ಬಳಿ ಮೇಜಿನ ಮೇಲಿದೆ, ಒಂದೇ ಹಾಳೆ. ಗಜನಿಯವರು ಹೋಗುವಾಗ ಎರಡೆರಡು ತೆಗೆದುಕೊಳ್ಳಿ, ಒಂದು ಪಂಚಾಯತಿಗೆ, ಒಂದು ಸ್ವೀಕೃತಿ ಮೊಹರಿಗೆ. ಮತ್ತೆ ಒಡ್ಡಿನ ಕೆಲಸ ಬಾಕಿ ಇದ್ದವರು ಪ್ರಶ್ನೋತ್ತರಕ್ಕೆ ಕಾಯಬೇಡಿ, ಇಳಿತದ ಹೊತ್ತು ತಪ್ಪೀತು.