ಮಗುವಿಗೆ ಪಾಠ ಹೇಳಿಕೊಟ್ಟು ಕರೆತರಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಎರಡು, ಎರಡೂವರೆ ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಮಾತೂ ಬಂದಿಲ್ಲ. ‘ಆಟಿಸಂ ಇರಬಹುದು, ಒಮ್ಮೆ ಅಸೆಸ್‌ಮೆಂಟ್ ಮಾಡಿಸಿ’ ಅಂತ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ತಾರೀಖು ಸಿಕ್ಕಿರುವುದು ಮೂರು ವಾರ ಬಿಟ್ಟು. ಆ ಮೂರು ವಾರ ಎಷ್ಟೋ ಮನೆಗಳಲ್ಲಿ ನಡೆಯುವುದು ಟ್ಯೂಷನ್. ‘ಮೂಗು ಎಲ್ಲಿ ಪುಟ್ಟಾ? ಆಂಟಿ ಕೇಳ್ತಾರೆ, ತೋರಿಸ್ಬೇಕು. ಆಂಟಿ ಮುಖ ನೋಡ್ಬೇಕು, ಆಯ್ತಾ?’ ಮಗು ಸುಸ್ತು, ಅಮ್ಮ ಸುಸ್ತು.

ಆ ಅಪ್ಪ ಅಮ್ಮಂದಿರ ಜೊತೆ ಮಾತಾಡಲು ಬಂದಿದ್ದೇನೆ. ಹೇಳಬೇಕಾದದ್ದು ಒಂದೇ. ಮಗುವಿಗೆ ಕಲಿಸಿ ಕರೆತರಬೇಡಿ. ಮಗು ಮನೆಯಲ್ಲಿ ಹೇಗಿರುತ್ತದೋ ಅದನ್ನು ಬರೆದುಕೊಂಡು ಬನ್ನಿ, ಫೋನಿನಲ್ಲಿ ಹಿಡಿದುಕೊಂಡು ಬನ್ನಿ.

ಯಾಕೆ ಅಂತ ಕೇಳಿ. ಆಟಿಸಂ ಇದೆಯೋ ಇಲ್ಲವೋ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಮಗುವನ್ನು ನೋಡಿ, ಮನೆಯವರನ್ನು ಕೇಳಿ ತಿಳಿಯಬೇಕು. ಅಸೆಸ್‌ಮೆಂಟ್ ಮಾಡುವ ನಾವು ಮಗುವಿನ ಜೊತೆ ಚಾಪೆಯ ಮೇಲೆ ಕೂತು ಸೋಪಿನ ಗುಳ್ಳೆ ಊದುತ್ತೇವೆ. ನಾಲ್ಕು ಸಲ ಊದಿ, ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಮಗುವಿನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತೇವೆ. ಈಗ ಮಗು ಏನು ಮಾಡುತ್ತದೆ? ಬಾಟಲಿ ನಮ್ಮತ್ತ ಚಾಚಿ ಮುಖ ನೋಡುತ್ತದೆಯೇ? ಅಥವಾ ಮುಖದ ಕಡೆ ನೋಡದೆ, ನಮ್ಮ ಕೈಯನ್ನು ಇಕ್ಕಳದ ಹಾಗೆ ಹಿಡಿದು ಮುಚ್ಚಳದ ಮೇಲೆ ಇಡುತ್ತದೆಯೇ? ನಮಗೆ ಬೇಕಾದದ್ದು ಆ ಅರ್ಧ ನಿಮಿಷ. ಮೂಗು ತೋರಿಸಿದರೆ ನಮಗೆ ಏನೂ ತಿಳಿಯುವುದಿಲ್ಲ.

ಬೆರಳು ತೋರಿಸುವುದರಲ್ಲೂ ಎರಡು ಬಗೆ ಇದೆ. ‘ಅದು ಬೇಕು’ ಅಂತ ತೋರಿಸುವುದು ಒಂದು. ‘ಅಲ್ನೋಡು, ನಾಯಿ!’ ಅಂತ ತೋರಿಸಿ, ನೀವು ನೋಡಿದಿರಾ ಅಂತ ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚಾಗಿ ಕಾಣದಿರುವುದು ಈ ಎರಡನೆಯದು. ಚಾರ್ಟಿನ ಮುಂದೆ ಕೂರಿಸಿ ಬಾಯಿಪಾಠ ಮಾಡಿಸಿದರೆ ಮೊದಲನೆಯದೂ ಎರಡನೆಯದೂ ಕಲಸಿಹೋಗುತ್ತವೆ. ಒಂದು ಗಂಟೆಯಲ್ಲಿ ಅದನ್ನು ಬಿಡಿಸುವುದು ನಮಗೆ ಕಷ್ಟ.

ಫಾರಂ ತುಂಬುವಾಗಲೂ ಇದೇ ತಪ್ಪಾಗುತ್ತದೆ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂ ಸಾಧ್ಯತೆ ಇದೆಯೇ ಅಂತ ನೋಡಲು ಎಂ-ಚಾಟ್ ಅಂತ 20 ಪ್ರಶ್ನೆಗಳಿವೆ, ಹೌದು ಅಥವಾ ಇಲ್ಲ ಅನ್ನಬೇಕು. ಯಾವತ್ತೋ ಒಂದು ಸಲ ಮಾಡಿದ್ದನ್ನು ನೆನೆದು ‘ಹೌದು’ ಅಂತ ಗುರುತು ಹಾಕುತ್ತಾರೆ. ಸಾಮಾನ್ಯವಾಗಿ ಮಾಡುತ್ತಿದ್ದರೆ ಮಾತ್ರ ಹೌದು. ಅನುಮಾನ ಹುಟ್ಟಿಸುವ ಒಂದೊಂದು ಉತ್ತರಕ್ಕೂ ಒಂದು ಅಂಕ. ಅಂಕ 3ರಿಂದ 7 ಬಂದರೆ ಆ ಪ್ರಶ್ನೆಗಳನ್ನೇ ವಿವರವಾಗಿ ಮತ್ತೆ ಕೇಳುತ್ತೇವೆ. 8 ಮತ್ತು ಮೇಲೆ ಬಂದರೆ ನೇರವಾಗಿ ಅಸೆಸ್‌ಮೆಂಟ್. ಹಾಗಂತ ಅದೇ ಆಟಿಸಂ ಅನ್ನುವ ತೀರ್ಪಲ್ಲ.

ವಿಡಿಯೋ ಹೇಗೆ ತೆಗೆಯಬೇಕು? ಎರಡು ಮೂರು ನಿಮಿಷದ ನಾಲ್ಕು ತುಣುಕು ಸಾಕು. ಊಟ ಮಾಡುವಾಗ. ತನ್ನಷ್ಟಕ್ಕೆ ಆಡುವಾಗ. ಬೇರೆ ಮಕ್ಕಳ ನಡುವೆ ಇರುವಾಗ. ನಾಲ್ಕನೆಯದು, ಟಿವಿ ಆರಿಸಿ, ಹಿಂದಿನಿಂದ ಮಾಮೂಲಿ ದನಿಯಲ್ಲಿ ಮೂರು ಸಲ ಹೆಸರು ಕರೆದಾಗ. ಚಾಕೊಲೇಟ್ ಕವರ್ ಸದ್ದು ಮಾಡಿ ಕರೆಯಬೇಡಿ. ಹಾಗೆ ತಿರುಗಿದರೆ ತಿರುಗಿದ್ದು ಕವರಿಗೆ, ಹೆಸರಿಗಲ್ಲ. ಮುಖ, ಕೈ ಎರಡೂ ಕಾಣಬೇಕು. ‘ಇಲ್ನೋಡು ಇಲ್ನೋಡು’ ಅನ್ನಬೇಡಿ. ಹಿನ್ನೆಲೆಗೆ ಹಾಡು ಹಾಕಬೇಡಿ, ದಯವಿಟ್ಟು.

ಬರೆದಿಡುವುದು ಎಷ್ಟು ಉಪಕಾರಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ಮನೆಯ ವಿಷಯ ಹೇಳುತ್ತೇನೆ. ಶ್ರೀರಾಂಪುರದ ಕಡೆಯವರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗು ಬೆಳೆದದ್ದು ಅಜ್ಜಿಯ ಸೊಂಟದ ಮೇಲೆ. ಅಸೆಸ್‌ಮೆಂಟಿನ ದಿನ ಅಪ್ಪ ದಪ್ಪನೆಯ ಫೈಲು ತಂದಿದ್ದರು. ರಕ್ತದ ರಿಪೋರ್ಟು, ಥೈರಾಯ್ಡು, ತಲೆಯ ಸ್ಕ್ಯಾನು. ಫಾರಂನಲ್ಲಿ ‘ಮಾತು: ಬಂದೇ ಇಲ್ಲ’ ಅಂತ ಬರೆದಿದ್ದರು. ಅಜ್ಜಿ ಅಷ್ಟೂ ಹೊತ್ತು ಮೂಲೆಯಲ್ಲಿ ಕೂತಿದ್ದವರು, ವೈರ್ ಬ್ಯಾಗಿನಿಂದ ಸುರುಳಿ ಸುತ್ತಿದ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೆಗೆದರು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಿದ ದಿನ. ಅದರ ನಡುವೆ ಪೆನ್ಸಿಲಿನಲ್ಲಿ ಮೊಮ್ಮಗನ ಸುದ್ದಿ, ಎರಡೆರಡೇ ಪದ.

ಮಾರ್ಚ್ ಹಾಳೆಯಲ್ಲಿ ‘ಕಾಕಾ ಅಂದ’. ಆಗ ಮಗುವಿಗೆ 14 ತಿಂಗಳು. ಏಪ್ರಿಲ್‌ನಲ್ಲಿ ‘ತಾತಂಗೆ ಟಾಟಾ ಮಾಡಿದ’. ಜೂನ್‌ನಲ್ಲಿ ‘ಬಾ ಅಂತ ಕರೆದ’. ಆಗಸ್ಟ್‌ನಲ್ಲಿ ‘ಕುಕ್ಕರ್ ಕೂಗಿದ್ರೆ ಕಿವಿ ಮುಚ್ಕೋತಾನೆ’. ಸೆಪ್ಟೆಂಬರ್‌ನಲ್ಲಿ ‘ಟಾಟಾ ಇಲ್ಲ’. ಅಕ್ಟೋಬರ್‌ನಲ್ಲಿ ‘ನನ್ನ ಕೈ ಎಳೆದು ಬಿಸ್ಕತ್ ಡಬ್ಬದ ಮೇಲೆ ಇಡ್ತಾನೆ’. ಆಮೇಲಿನ ಹಾಳೆಗಳಲ್ಲಿ ಹಾಲಿನ ಲೆಕ್ಕ ಮಾತ್ರ.

ಮಾತು ಬಂದೇ ಇಲ್ಲ ಅನ್ನುವುದಕ್ಕೂ, ಬಂದ ಮಾತು, ಬಂದ ಟಾಟಾ ಹೊರಟುಹೋಯಿತು ಅನ್ನುವುದಕ್ಕೂ ಅಜಗಜಾಂತರ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಕಲಿತದ್ದು ಬಿಟ್ಟುಹೋದರೆ ನಾವು ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ. ಕಿವಿ ಮತ್ತೆ ನೋಡಬೇಕು, ಫಿಟ್ಸ್ ಬಂದಿತ್ತೇ ಕೇಳಬೇಕು. ದಪ್ಪ ಫೈಲಿನಲ್ಲಿ ಇಲ್ಲದ್ದು ಕ್ಯಾಲೆಂಡರಿನಲ್ಲಿತ್ತು. ಇನ್ನೂ ಒಂದು ಇತ್ತು. ಆ ತಾಯಿ ನವೆಂಬರ್‌ನಲ್ಲಿ ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದ್ದರು. ತಾನು ಬಿಟ್ಟುಹೋದದ್ದಕ್ಕೇ ಮಗು ಹೀಗಾಯಿತು ಅಂತ ಒಂದು ವರ್ಷ ಒಳಗೊಳಗೇ ಬೆಂದಿದ್ದರು. ಸೆಪ್ಟೆಂಬರ್ ಹಾಳೆಯ ಮೇಲೆ ಬೆರಳಿಟ್ಟು ಅತ್ತೆಯ ಮುಖ ನೋಡಿದರು. ‘ನಿನ್ನಿಂದ ಅಲ್ಲ ಕಣಮ್ಮಾ’ ಅಂದರು ಅಜ್ಜಿ.

ಅಮ್ಮ ಕೆಲಸಕ್ಕೆ ಹೋಗುವುದರಿಂದ ಆಟಿಸಂ ಬರುವುದಿಲ್ಲ. ಲಸಿಕೆಯಿಂದ ಬರುವುದಿಲ್ಲ. ದೃಷ್ಟಿಯಿಂದ ಬರುವುದಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲು ಕಿವಿ ಪರೀಕ್ಷೆ, ಬೇರಾ ಅನ್ನುತ್ತಾರಲ್ಲ, ಅದು. ಮಗು ನಿದ್ದೆ ಮಾಡುವಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವುದು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ಬರುವ ದಾರಿಯಲ್ಲಿ ಆಟೋದಲ್ಲಿ ನಿದ್ದೆ ಹೋಗದಂತೆ ನೋಡಿಕೊಳ್ಳಿ. ತಲೆಗೆ ಎಣ್ಣೆ ಹಚ್ಚಲೇಬೇಡಿ. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಅಸೆಸ್‌ಮೆಂಟಿಗೆ ಮಾತ್ರ ಇದರ ಉಲ್ಟಾ. ನಿದ್ದೆ ಆಗಿರಬೇಕು, ಹೊಟ್ಟೆ ತುಂಬಿರಬೇಕು.

ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಯಾವುದಿದ್ದರೂ ತಾರೀಖು ತೆಗೆದುಕೊಳ್ಳುವಾಗಲೇ ತಿಳಿಸಿ. ನೀರು, ಪಾನಿ, ವಾಟರ್, ಯಾವ ಭಾಷೆಯ ಮಾತಾದರೂ ಪಟ್ಟಿಗೆ ಸೇರಿಸಿ. ಎರಡು ಭಾಷೆಯಿಂದ ಮಾತು ತಡವಾಯಿತು ಅಂತ ಹೆದರಿ, ಮನೆಮಾತು ಬಿಟ್ಟು ಅರೆಬರೆ ಇಂಗ್ಲಿಷಿಗೆ ಇಳಿಯಬೇಡಿ. ನಿಮ್ಮ ಬಾಯಿಗೆ ಸಲೀಸಾಗಿ ಬರುವ ಮಾತೇ ಮಗುವಿಗೆ ಬೇಕು.

ಎಲ್ಲಿಗೆ ಹೋಗಬೇಕು? ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ, ಅದರ ಹತ್ತಿರವೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಯಾರನ್ನು ಕೇಳಬೇಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು. ಮುಂದೆ ಅಂಗವೈಕಲ್ಯ ಪ್ರಮಾಣಪತ್ರ ಬೇಕಾದಾಗ ಐಎಸ್‌ಎಎ ಅನ್ನುವ 40 ಅಂಶಗಳ ಮಾಪನದ ಹೆಸರು ಕೇಳುತ್ತೀರಿ. ಒಂದೊಂದಕ್ಕೂ 1ರಿಂದ 5 ಅಂಕ. ಅಲ್ಲೂ ಮಗುವಿಗೆ ಅಂಕ ಜಾಸ್ತಿ ಬರಲಿ, ಕಡಿಮೆ ಬರಲಿ ಅಂತ ಏನೂ ಹೇಳಿಕೊಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆಟಿಸಂಗೆ ಕಾಂಡಕೋಶದ, ಅಂದರೆ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಸ್ಪೀಚ್ ಥೆರಪಿ ಶುರು ಮಾಡಲು ರಿಪೋರ್ಟಿಗಾಗಿ ಕಾಯಬೇಡಿ.

ಇವತ್ತು ರಾತ್ರಿ ಊಟದ ಹೊತ್ತಿಗೆ ಟಿವಿ ಆರಿಸಿ. ಫೋನನ್ನು ಒಂದು ಸ್ಟೀಲ್ ಡಬ್ಬಕ್ಕೆ ಒರಗಿಸಿಟ್ಟು ಮೂರು ನಿಮಿಷ ಹಿಡಿಯಿರಿ. ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆತನ್ನಿ. ನಮಸ್ಕಾರ.