ಓರೆಯಿಂದ ಕಾಣುವ ಜೆಟ್

ಕೇಳುಗರಿಗೆಲ್ಲ ನಮಸ್ಕಾರ.

ಮೇ ತಿಂಗಳ ನಡುವೆ, ರಾತ್ರಿ ಹತ್ತರ ಸುಮಾರಿಗೆ ಚಿತ್ರದುರ್ಗದಲ್ಲಿ ನಿಂತು ದಕ್ಷಿಣಕ್ಕೆ ತಿರುಗಿದರೆ, ದಿಗಂತದಿಂದ 33 ಡಿಗ್ರಿಯಷ್ಟು ಮೇಲೆ ಸೆಂಟಾರಸ್-ಎ ಎಂಬ ಗ್ಯಾಲಕ್ಸಿ ಇರುತ್ತದೆ. ಬರಿಗಣ್ಣಿಗೆ ಸಿಗುವುದಿಲ್ಲ, ಬೈನಾಕ್ಯುಲರ್ ಬೇಕು. ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಅಡ್ಡ ಬರದ ಜಾಗ ನೋಡಿಕೊಳ್ಳಿ. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ರೇಡಿಯೋ ಅಲೆಗಳನ್ನು ಜೋರಾಗಿ ಸೂಸುವ ಗ್ಯಾಲಕ್ಸಿಗೆ ರೇಡಿಯೋ ಗ್ಯಾಲಕ್ಸಿ ಎನ್ನುತ್ತಾರೆ; ಅಂಥ ದೊಡ್ಡವುಗಳಲ್ಲಿ ನಮಗೆ ಅತಿ ಹತ್ತಿರದ್ದು ಇದೇ.

ಇಂಥ ಗ್ಯಾಲಕ್ಸಿಯ ನಡುವೆ ಇರುವ ಕಪ್ಪುಕುಳಿಯ ಬಳಿಯಿಂದ ಎರಡು ದಿಕ್ಕಿಗೆ ಕಣಗಳ ಧಾರೆ ಚಿಮ್ಮುತ್ತದೆ. ಅದೇ ಜೆಟ್. ಅದು ನಮ್ಮ ಕಡೆಗೇ ಮುಖ ಮಾಡಿದ್ದರೆ ಬ್ಲೇಜಾರ್ ಎನ್ನುತ್ತಾರೆ. ರಾತ್ರಿ ಹೊಳಲ್ಕೆರೆ ರಸ್ತೆಯಲ್ಲಿ ಡಿಪ್ ಮಾಡದೆ ಎದುರು ಬರುವ ಲಾರಿಯ ಹಾಗೆ ಅದು; ಕಣ್ಣು ಕೋರೈಸುತ್ತದೆ, ಹಿಂದೆ ಏನಿದೆಯೋ ತಿಳಿಯುವುದಿಲ್ಲ. ರೇಡಿಯೋ ಗ್ಯಾಲಕ್ಸಿಯ ಜೆಟ್ ಓರೆಯಾಗಿ ಕಾಣುತ್ತದೆ. ಬೆಳಕು ಕಡಿಮೆ, ವಿವರ ಹೆಚ್ಚು.

ಈ ಜೆಟ್‌ಗಳಿಂದ ಬರುವ ಗಾಮಾ ಕಿರಣದ ಒಂದು ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿ, ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನ ಐವತ್ತು ಸಾವಿರ ಕೋಟಿ ಪಟ್ಟು ಇರಬಹುದು. ಇದು ಹುಟ್ಟುವುದು ಹೇಗೆ? ಎಲ್ಲಕ್ಕಿಂತ ಸರಳವಾದ ಮಾದರಿ ಹೀಗಿದೆ: ಜೆಟ್‌ನ ಒಂದು ತುಂಡಿನಲ್ಲಿ ಇಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಬೆಳಕು ಸೂಸುತ್ತವೆ, ಮತ್ತೆ ಅವೇ ಆ ಬೆಳಕಿಗೆ ಗುದ್ದಿ ಅದನ್ನು ಗಾಮಾ ಕಿರಣವಾಗಿಸುತ್ತವೆ. ಕಾಗದದ ಮೇಲೆ ಚೆಂದ. ಆದರೆ ಕಾಂತಕ್ಷೇತ್ರ ಎಷ್ಟು, ತುಂಡಿನ ಗಾತ್ರ ಎಷ್ಟು, ವೇಗ ಎಷ್ಟು, ಇವನ್ನೆಲ್ಲ ಮಾದರಿ ಕಟ್ಟುವವರೇ ಹೊಂದಿಸಬೇಕು. ಇಷ್ಟು ಸಡಿಲ ಸಿಕ್ಕರೆ, ದೂರದರ್ಶಕ ಅಳೆದ ಬೆಳಕಿನ ಮೇಲೆ ಮಾದರಿಯ ಗ್ರಾಫಿನ ಗೆರೆ ಹೇಗೂ ಕೂರುತ್ತದೆ. ಇಲೆಕ್ಟ್ರಾನ್ ಬಿಟ್ಟು ಪ್ರೋಟಾನ್ ಹಾಕಿದರೂ ಎಷ್ಟೋ ಸಲ ಕೂರುತ್ತದೆ! ಗೆರೆ ಕೂತ ಮಾತ್ರಕ್ಕೆ ಮಾದರಿಯನ್ನು ನಂಬಲು ನನಗಂತೂ ಮನಸ್ಸಿಲ್ಲ. ಬೆಳಕು ಎಷ್ಟು ಬೇಗ ಬದಲಾಯಿತು, ಎಲ್ಲಿಂದ ಬಂತು, ಈ ಎರಡು ಪ್ರಶ್ನೆ ಕೇಳಿದಾಗಲೇ ಅದರ ಬಂಡವಾಳ ಗೊತ್ತಾಗುವುದು.

ಎಂ 87 ಎಂಬ ಇನ್ನೊಂದು ರೇಡಿಯೋ ಗ್ಯಾಲಕ್ಸಿಯನ್ನು ನೋಡಿ. ಅದರ ಜೆಟ್ಟನ್ನು 1918ರಲ್ಲೇ ಅಮೆರಿಕದ ಖಗೋಳವಿಜ್ಞಾನಿ ಹೀಬರ್ ಕರ್ಟಿಸ್ ಗುರುತಿಸಿದ್ದರು. ಅದರ ಗಾಮಾ ಕಿರಣ ಎರಡು ದಿನದಲ್ಲೇ ಏರಿಳಿಯುತ್ತದೆ ಎಂದು ನಮೀಬಿಯಾದ ಹೆಸ್ ದೂರದರ್ಶಕ ತಂಡ 2006ರಲ್ಲಿ ತಿಳಿಸಿತು. ಬೆಳಕು ಹುಟ್ಟುವ ಜಾಗವನ್ನು ದಾಟಲು ಬೆಳಕಿಗೇ ಎಷ್ಟು ಹೊತ್ತು ಬೇಕೋ, ಅದಕ್ಕಿಂತ ಬೇಗ ಆ ಜಾಗ ಒಟ್ಟಾಗಿ ಏರಿಳಿಯಲಾರದು. ಬೆಳಕು ಎರಡು ದಿನದಲ್ಲಿ ಸಾಗುವುದು ಸುಮಾರು 5,000 ಕೋಟಿ ಕಿಲೋಮೀಟರ್. ಅಲ್ಲಿನ ಕಪ್ಪುಕುಳಿಯ ಅಡ್ಡಳತೆಯೇ ಸುಮಾರು 3,900 ಕೋಟಿ. ಸಾವಿರಾರು ಜ್ಯೋತಿರ್ವರ್ಷ ಉದ್ದದ ಜೆಟ್‌ನಲ್ಲಿ ಈ ಬೆಳಕು ಹುಟ್ಟಿದ್ದು ಅಷ್ಟು ಪುಟ್ಟ ಜಾಗದಲ್ಲಿ. ಇಡೀ ಜೆಟ್ ಒಟ್ಟಾಗಿ ಬೆಳಗುತ್ತದೆ ಎಂಬ ಮಾದರಿ ಅಲ್ಲಿಗೆ ಬಿತ್ತು.

ಸೆಂಟಾರಸ್-ಎ ಇದಕ್ಕೆ ತದ್ವಿರುದ್ಧ. ಅಲ್ಲಿ ಗಾಮಾ ಕಿರಣ ಸಾವಿರಾರು ಜ್ಯೋತಿರ್ವರ್ಷ ಉದ್ದಕ್ಕೆ, ಜೆಟ್ ಗುಂಟ ಹರಡಿದೆ ಎಂದು ಅದೇ ತಂಡ 2020ರಲ್ಲಿ ತೋರಿಸಿತು. ಇಲ್ಲೊಂದು ತೊಡಕಿದೆ. ಅಷ್ಟು ಶಕ್ತಿಯ ಇಲೆಕ್ಟ್ರಾನು ಕೆಲವು ನೂರು ವರ್ಷಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಕಪ್ಪುಕುಳಿಯ ಬಳಿ ಹೊರಟದ್ದು ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ದೂರ ಮುಟ್ಟಲಾರದು. ಅಂದಮೇಲೆ ದಾರಿಯುದ್ದಕ್ಕೂ, ಅಲ್ಲಲ್ಲೇ ಇಲೆಕ್ಟ್ರಾನುಗಳಿಗೆ ಮತ್ತೆ ವೇಗ ಸಿಗುತ್ತಿರಬೇಕು. ಅದು ಆಘಾತ ಅಲೆಗಳಿಂದಲೋ, ಜೆಟ್‌ನ ಒಳಪದರ ಹೊರಪದರಗಳ ತಿಕ್ಕಾಟದಿಂದಲೋ, ವಾದ ಇನ್ನೂ ಮುಗಿದಿಲ್ಲ.

ಲಡಾಖಿನ ಹಾನ್ಲೆಯಲ್ಲಿ ಈಗ ಗಾಮಾ ಕಿರಣ ನೋಡುವ ನಮ್ಮದೇ ಮೇಸ್ ದೂರದರ್ಶಕವಿದೆ, 21 ಮೀಟರ್ ಅಗಲದ್ದು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಸೆಂಟಾರಸ್-ಎ ಅಲ್ಲಿನ ಆಕಾಶದಲ್ಲಿ 14 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಅದರ ಆಸೆ ಬಿಡಬೇಕು. ಎಂ 87 ಮಾತ್ರ ಸಾಕಷ್ಟು ಎತ್ತರಕ್ಕೆ ಬರುತ್ತದೆ. ಅದರ ಏರಿಳಿತವನ್ನು ರಾತ್ರಿ ರಾತ್ರಿ ಕಾಯುವ ಕೆಲಸಕ್ಕೆ ಹಾನ್ಲೆ ತಕ್ಕ ಜಾಗ.

ನಮಸ್ಕಾರ.