ಪ್ಲಾಸ್ಟಿಕ್ ಉದ್ಯಮ ಬೆಳೆಯುತ್ತೆ, ಆದ್ರೆ ಯಾರ ಕೈಯಲ್ಲಿ?

ಎಲ್ರಿಗೂ ನಮಸ್ಕಾರ. ಪೀಣ್ಯ, ಬೊಮ್ಮಸಂದ್ರದಿಂದ ಮೆಷಿನ್ ನಿಲ್ಲಿಸಿ ಬಂದಿರೋ ಗೆಳೆಯರಿಗೆ, ಹಿಂದಿನ ಸಾಲಲ್ಲಿ ಕೂತಿರೋ ಡಿಪ್ಲೊಮಾ ಹುಡುಗ್ರು ಹುಡುಗೀರಿಗೆ, ಎಲ್ರಿಗೂ. ನಾನು ಇಪ್ಪತ್ತೆರಡು ವರ್ಷದಿಂದ ಇಂಜೆಕ್ಷನ್ ಮೋಲ್ಡಿಂಗ್, ಅಂದ್ರೆ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತಿ ಸಾಮಾನು ಮಾಡೋ ಕೆಲಸ, ಮಾಡ್ಕೊಂಡು ಬಂದಿರೋನು, ನಾಲ್ಕು ಮೆಷಿನ್ನಿನ ಶೆಡ್ಡು, ಹಾಗಾಗಿ ಇವತ್ತು ಮಾತಾಡೋದೂ ಆ ಶೆಡ್ಡಿನ ಬಾಗಿಲಲ್ಲಿ ನಿಂತ್ಕೊಂಡೇ.

ಇತಿಹಾಸ ಬೇಗ ಹೇಳಿ ಮುಗಿಸ್ತೀನಿ. ನಮ್ಮ ದೇಶದಲ್ಲಿ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ ತಯಾರಿ ಶುರುವಾಗಿದ್ದು 1957ರಲ್ಲಿ. 1968ರಲ್ಲಿ ಮದ್ರಾಸಲ್ಲಿ ಸಿಪೆಟ್, ಅಂದ್ರೆ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸೋ, ಮಾಲು ಪರೀಕ್ಷೆ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ ಬಂತು, ಆಮೇಲೆ ಅದರದ್ದೊಂದು ಕೇಂದ್ರ ನಮ್ಮ ಮೈಸೂರಿಗೂ ಬಂತು. 1969ರಲ್ಲಿ ಸರ್ಕಾರವೇ ವಡೋದರಾದಲ್ಲಿ ಐಪಿಸಿಎಲ್ ಅನ್ನೋ ಪೆಟ್ರೋಕೆಮಿಕಲ್ ಕಂಪನಿ ಕಟ್ಟಿತು, ಆಮೇಲೆ ಹಜೀರಾ, ಜಾಮ್‌ನಗರ, ಹಲ್ದಿಯಾದ ಕಾರ್ಖಾನೆಗಳೆಲ್ಲಾ ಎದ್ವು. ನಮ್ಮ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ 2015ರಲ್ಲಿ ಪಾಲಿಪ್ರೊಪಿಲೀನ್ (ಪಿಪಿ) ಅನ್ನೋ ಪ್ಲಾಸ್ಟಿಕ್‌ನ ಘಟಕ ಶುರು ಮಾಡ್ತು, ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ್ದು. ಅಂದ್ರೆ ಮೇಲಿನ ಹಂತ, ಪ್ಲಾಸ್ಟಿಕ್ ಕಚ್ಚಾ ಮಾಲು ಮಾಡೋದು, ದೊಡ್ಡದಾಗಿ ಬೆಳೀತು. ಆದ್ರೆ ಆ ಕಚ್ಚಾ ಮಾಲಿನ ಕಾಳು, ನಾವು ದಾನಾ ಅಂತೀವಿ, ಅದನ್ನ ಬಕೆಟ್ಟು, ಪೈಪು, ಸಿರಿಂಜು, ಸ್ವಿಚ್ಚು ಮಾಡೋ ಘಟಕಗಳು ದೇಶದಲ್ಲಿ ಮೂವತ್ತು ಸಾವಿರದ ಮೇಲಿದಾವೆ, ಅದ್ರಲ್ಲಿ ಹೆಚ್ಚಿನವು ನಮ್ಮಂಥ ಸಣ್ಣವೇ.

ಬೆಳವಣಿಗೆಗೆ ಜಾಗ ಇದೆಯಾ ಅಂದ್ರೆ ಧಾರಾಳವಾಗಿ ಇದೆ. ಒಬ್ಬ ಭಾರತೀಯ ವರ್ಷಕ್ಕೆ ಬಳಸೋ ಪ್ಲಾಸ್ಟಿಕ್ ಪ್ರಪಂಚದ ಸರಾಸರಿಯ ಅರ್ಧದಷ್ಟೂ ಇಲ್ಲ. ಪ್ಲಾಸ್ಟಿಕ್ ಅಂದ ಕೂಡ್ಲೇ ಕ್ಯಾರಿ ಬ್ಯಾಗ್ ನೆನಪಾಗುತ್ತೆ ಜನಕ್ಕೆ, ಆದ್ರೆ ಕೋಲಾರದ ಟೊಮ್ಯಾಟೊ ಹೊಲದ ಡ್ರಿಪ್ ಪೈಪೂ ಮಲ್ಚಿಂಗ್ ಶೀಟೂ, 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಲ್ಲಿ ಹಳ್ಳಿ ಹಳ್ಳಿಗೆ ಹೋದ ಪೈಪೂ, ಡಯಾಲಿಸಿಸ್ ಟ್ಯೂಬೂ, ಎಲೆಕ್ಟ್ರಿಕ್ ಸ್ಕೂಟರಿನ ಬಾಡಿ ಪ್ಯಾನೆಲ್ಲೂ ಇದೇ ವಸ್ತುವಿಂದ ಆಗಿದ್ದು. ಪೈಪಿಗೆ ಬೇಕಾದ ಪಿವಿಸಿ ನೋಡಿ, ನಮಗೆ ಬೇಕಾದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಹೊರದೇಶದಿಂದ ಬರುತ್ತೆ, ಇಷ್ಟು ಮನೆ ಕಟ್ಟೋ ದೇಶಕ್ಕೆ ಇದು ಸರಿನಾ?

ಪಾಲಿಸಿ ಮನಸ್ಸು ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಆಟಿಕೆ ನೋಡಿ. 2020ರಲ್ಲಿ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿಸಿದ್ರು, 2021ರ ಜನವರಿಯಿಂದ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯ ಮಾಡಿದ್ರು, 2023ರಲ್ಲಿ ಸುಂಕ ಶೇ. 70 ಆಯ್ತು. ಹೊರಗಿಂದ ಬರೋ ಆಟಿಕೆ ಇಳೀತು. ನಮ್ಮ ಕೊಪ್ಪಳದ ಭಾನಾಪುರದಲ್ಲೇ ಆಟಿಕೆ ಕ್ಲಸ್ಟರ್ ಬಂತು. ಇದನ್ನ ನಾನು ಮನಸಾರೆ ಮೆಚ್ಕೋತೀನಿ.

ಆದ್ರೆ ಅದೇ ಔಷಧಿ ದಾನಾಗೆ ಹಾಕಿದ್ರೆ ನಮಗೆ ಏಟು ಬೀಳುತ್ತೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನನ್ನ ಶೆಡ್ಡಲ್ಲಿ ನೂರು ರೂಪಾಯಿ ಬಿಲ್ ಮಾಡಿದ್ರೆ ಅರವತ್ತೈದು ರೂಪಾಯಿ ದಾನಾಗೇ ಹೋಗುತ್ತೆ, ಉಳಿದಿದ್ರಲ್ಲಿ ಕರೆಂಟು, ಕೂಲಿ, ಬಾಡಿಗೆ, ಬಡ್ಡಿ. ದಾನಾ ಮೇಲೆ ಸುಂಕ ಹಾಕಿದ್ರೆ ಆಮದು ಮಾತ್ರ ದುಬಾರಿ ಆಗಲ್ಲ, ಇಲ್ಲಿ ತಯಾರಾಗೋ ದಾನಾನೂ ಆಮದಿನ ರೇಟಿಗೆ ಹೊಂದ್ಕೊಂಡೇ ಏರುತ್ತೆ. ದೊಡ್ಡೋರು ಲೋಡುಗಟ್ಲೆ ನೇರವಾಗಿ ತಗೋತಾರೆ, ನಾವು ಟ್ರೇಡರ್ ಹತ್ರ ಇಪ್ಪತ್ತೈದು ಕೆಜಿ ಚೀಲ ಹತ್ತೋ ಇಪ್ಪತ್ತೋ ಎತ್ತೋರು, ಕ್ರೂಡ್ ರೇಟ್ ಅಲ್ಲಾಡಿದ ವಾರದಲ್ಲೇ ನಮ್ಮ ಚೀಲದ ರೇಟೂ ಅಲ್ಲಾಡುತ್ತೆ, ಆದ್ರೆ ಪಾರ್ಟ್ ತಗೊಳ್ಳೋ ಕಂಪನಿ ಜೊತೆ ಮಾಡ್ಕೊಂಡಿರೋ ರೇಟು ವರ್ಷಪೂರ್ತಿ ಹಾಗೇ ಇರುತ್ತೆ. ದುಡ್ಡು ತೊಂಬತ್ತು ದಿನಕ್ಕೆ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡ್ಬೇಕು ಅಂತ 2006ರ ಕಾನೂನಲ್ಲೇ ಇದೆ, ಈಗ ತಡ ಮಾಡಿದ್ರೆ ಆ ವರ್ಷ ಅದನ್ನ ಖರ್ಚು ಅಂತ ತೋರಿಸೋ ಹಾಗಿಲ್ಲ ಅನ್ನೋ ತೆರಿಗೆ ನಿಯಮಾನೂ ಬಂದಿದೆ, ಒಳ್ಳೇದೇ, ಆದ್ರೆ ಕೇಳಿದ್ರೆ ಮುಂದಿನ ಆರ್ಡರ್ ಹೋಗುತ್ತೆ ಅನ್ನೋ ಭಯಕ್ಕೆ ನಮ್ಮಲ್ಲಿ ಎಷ್ಟೋ ಜನ ಬಾಯಿ ಬಿಡಲ್ಲ. ನಾನೂ ಎಷ್ಟೋ ವರ್ಷ ಬಿಟ್ಟಿಲ್ಲ.

ಇನ್ನು ಕಸದ ವಿಷಯ. ಇದನ್ನ ಪರಿಸರದೋರ ತಲೆನೋವು ಅಂತ ನಾವು ಪಕ್ಕಕ್ಕಿಡ್ತೀವಿ, ನನ್ನ ಪ್ರಕಾರ ಅದೇ ನಮ್ಮ ಮುಂದಿನ ಕಚ್ಚಾ ಮಾಲು. ಹಾಲಿನ ಕವರ್ ತಗೊಳ್ಳಿ, ಅದು ಪೂರ್ತಿ ಪಾಲಿಥಿನ್, ಕರಗಿಸಿದ್ರೆ ಮತ್ತೆ ದಾನಾ ಆಗುತ್ತೆ, ಅದಕ್ಕೇ ತೊಳೆದಿಟ್ರೆ ಗುಜರಿಯೋನು ಕಾಸು ಕೊಟ್ಟು ಒಯ್ತಾನೆ. ಚಿಪ್ಸ್ ಪ್ಯಾಕೆಟ್ಟು ಹಾಗಲ್ಲ, ಬೇರೆ ಬೇರೆ ಪದರ ಅಂಟಿಸಿರ್ತಾರೆ, ಬಿಡಿಸೋಕೆ ಆಗಲ್ಲ, ಕೊಳ್ಳೋರಿಲ್ಲ, ಚರಂಡಿ ಸೇರುತ್ತೆ. ಅಂದ್ರೆ ಕಸ ಆಗೋದು ಬೀದಿಯಲ್ಲಲ್ಲ, ಡಿಸೈನ್ ಟೇಬಲ್ ಮೇಲೆ. 2022ರ ಜುಲೈ 1ರಿಂದ ಸ್ಟ್ರಾ, ಪ್ಲೇಟು, ಲೋಟ ಎಲ್ಲಾ ನಿಷೇಧ ಆಯ್ತು, ಅದನ್ನ ಮಾಡ್ತಿದ್ದ ಸಣ್ಣೋರು ಮುಚ್ಚಿದ್ರು, ಈ ಪದರದ ಪ್ಯಾಕೆಟ್ಟು ಮಾತ್ರ ಪ್ರತಿ ಅಂಗಡಿ ಮುಂದೆ ನೇತಾಡ್ತಾನೇ ಇದೆ. ಇದು ನನಗೆ ನ್ಯಾಯ ಅನ್ಸಲ್ಲ.

ಬೆಂಗಳೂರಲ್ಲಿ ಪ್ಲಾಸ್ಟಿಕ್ ಗುಜರಿ ಬೇರೆ ಮಾಡೋ ನಾಯಂಡಹಳ್ಳಿ ಕಡೆ ಹೋಗಿ ನೋಡಿ. ಅಲ್ಲಿನ ಹೆಂಗಸರು ಒಂದು ತುಂಡನ್ನ ಕೈಯಲ್ಲಿ ಮುರಿದು, ಸದ್ದು ಕೇಳಿ, ಬೇಕಾದ್ರೆ ಸುಟ್ಟು ವಾಸನೆ ನೋಡಿ ಇದು ಪಿಪಿ, ಇದು ಎಚ್‌ಡಿ, ಇದು ಎಬಿಎಸ್ ಅಂತ ಪ್ಲಾಸ್ಟಿಕ್ ಜಾತಿ ಹೇಳಿ ಬೇರೆ ಮಾಡ್ತಾರೆ. ಆ ಜ್ಞಾನಕ್ಕೆ ಸರ್ಟಿಫಿಕೇಟ್ ಇಲ್ಲ, ಮಾಸ್ಕ್ ಕೂಡ ಇಲ್ಲ. 2021ರಲ್ಲಿ ಪ್ಲಾಸ್ಟಿಕ್ ಸ್ಕ್ರ್ಯಾಪ್ ಮೇಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿಸಿದ್ರು, ಬಿಲ್ ಇಟ್ಟು ವ್ಯಾಪಾರ ಮಾಡೋಣ ಅಂದೋರಿಗೆ ಅದು ಭಾರ ಆಯ್ತು. ಇನ್ನೊಂದು ಕಡೆ ಗಟ್ಟಿ ಪ್ಯಾಕೇಜಿಂಗ್‌ನಲ್ಲಿ 2025-26ರಿಂದ ಶೇ. 30 ರಿಸೈಕಲ್ ಮಾಲು ಇರ್ಬೇಕು, ಅದು ಮೂರು ವರ್ಷದಲ್ಲಿ ಶೇ. 60ಕ್ಕೆ ಹೋಗ್ಬೇಕು ಅಂತ ನಿಯಮ ಇದೆ. ಬೇಡಿಕೆನ ಕಾನೂನೇ ಹುಟ್ಟಿಸಿದೆ, ನಂಬೋ ಹಂಗಿರೋ ಮಾಲು ಕೊಡೋರು ಯಾರು?

ಹೋದ ವರ್ಷ ರೀಪ್ರೋಸೆಸ್ ಪಿಪಿ, ಅಂದ್ರೆ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ದಾನಾ, ನಂಬಿ ಒಂದು ಆರ್ಡರ್ ಓಡಿಸ್ದೆ. ಮೊದಲ ಐದು ಚೀಲ ಚಿನ್ನದಂಗಿತ್ತು, ಆರನೇ ಚೀಲದಲ್ಲಿ ಹರಿವು ಬೇರೆ, ಪಾರ್ಟೆಲ್ಲಾ ಅಂಚಲ್ಲಿ ಸೀಳ್ಕೊಂಡ್ವು, ಇಡೀ ಲಾಟ್ ವಾಪಸ್. ಮೆಲ್ಟ್ ಫ್ಲೋ ಪರೀಕ್ಷೆ ಅಂತ ಇದೆ, ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಕರಗಿ ಹರೀತು ಅಂತ ಅಳೆಯೋದು. ಮೊದಲೇ ಮಾಡಿಸಿದ್ರೆ ತಿಳೀತಿತ್ತು, ಆದ್ರೆ ಆ ಮೆಷಿನ್ ನಾಲ್ಕು ಮೆಷಿನ್ನಿನ ಶೆಡ್ಡೋನು ಸ್ವಂತಕ್ಕೆ ಇಟ್ಕೊಳ್ಳೋಕಾಗಲ್ಲ, ಮೈಸೂರಿನ ಸಿಪೆಟ್‌ಗೆ ಸ್ಯಾಂಪಲ್ ಕಳಿಸಿ ಕಾಯೋಷ್ಟು ಟೈಮೂ ಇರಲ್ಲ.

ಅದಕ್ಕೇ ನಾನು ಕೇಳೋದು: ಪ್ರತಿ ದೊಡ್ಡ ಕೈಗಾರಿಕಾ ಪ್ರದೇಶದಲ್ಲೂ ಸಿಪೆಟ್ ನಡೆಸೋ ಒಂದು ಸಣ್ಣ ಲ್ಯಾಬು, ಬೆಳಿಗ್ಗೆ ಚೀಲ ಕೊಟ್ರೆ ಸಂಜೆಗೆ ರಿಪೋರ್ಟು, ಸ್ಕ್ರ್ಯಾಪ್ ಮೇಲಿನ ತೆರಿಗೆ ಮತ್ತೆ ಶೇ. 5, ನಮ್ಮಲ್ಲಿ ಸಾಕಷ್ಟು ತಯಾರಾಗದ ದಾನಾ ಗ್ರೇಡುಗಳಿಗೆ ಆಮದು ಸುಂಕ ಕಡಿಮೆ. ಮನವಿ ಬರೆದು ತಂದಿದ್ದೀನಿ, ಬಾಗಿಲ ಹತ್ರ ಮೇಜಿನ ಮೇಲಿದೆ. ಓದಿ, ತಪ್ಪಿದ್ರೆ ಅಲ್ಲೇ ತಿದ್ದಿ, ಒಪ್ಪಿಗೆ ಆದ್ರೆ ಸಹಿ ಜೊತೆ ನಿಮ್ಮ ಯೂನಿಟ್ಟಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ ಅನ್ನೋದನ್ನೂ ಬರೀರಿ.